ಗೂಬೆಗಳ ಪೋಡಿ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿ ಪಾಳಿ ಮುಗಿಸಿ ಗೇಟಿನ ಹೊರಗೆ ಕ್ಯಾಬಿಗೆ ಕಾಯುವವರೆಲ್ಲ ಒಂದಲ್ಲ ಒಂದು ಸಲ ಆ ಜಗಳ ಕೇಳಿರುತ್ತಾರೆ. ರಸ್ತೆ ಬದಿಯ ಹೊಂಗೆಯಲ್ಲೋ ಮಳೆಮರದಲ್ಲೋ ಎರಡು ಹಕ್ಕಿಗಳು ಒಂದರ ಮಾತಿನ ಮೇಲೊಂದು ಬಿದ್ದು ಚಿರ್‌ರ್ ಚಿರ್‌ರ್, ಚೀವಕ್ ಚೀವಕ್ ಎಂದು ಅರ್ಧ ನಿಮಿಷ ಕಿರುಚಿ ಥಟ್ಟನೆ ಸುಮ್ಮನಾಗುತ್ತವೆ. ಅದು ಹಾಲಕ್ಕಿ. ಗೇಣುದ್ದದ, ಬೂದುಗಂದು ಮೈತುಂಬ ಬಿಳಿ ಚುಕ್ಕೆ ಚೆಲ್ಲಿಕೊಂಡ ಪುಟ್ಟ ಗೂಬೆ. ನಸುಕಿನಲ್ಲಿ ಮನೆ ಬಾಗಿಲಿಗೆ ಬಂದು ಹಾಲಕ್ಕಿಯ ನುಡಿ ಕೇಳಿ ಬಂದೆನೆಂದು ಶಕುನ ಹೇಳುವ ಬುಡುಬುಡಿಕೆಯವರ ಹಕ್ಕಿ ಇದೇ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಈ ಕೈಗಾರಿಕಾ ಊರನ್ನು ಕಟ್ಟಲು ಹೊರಟಾಗ ಸುತ್ತಲೂ ರಾಗಿ ಹೊಲ, ಕೆರೆ, ಗುಂಡುತೋಪು. ಹೊಲ ಹೋಯಿತು, ತೋಪು ಹೋಯಿತು. ಹಾಲಕ್ಕಿ ಮಾತ್ರ ಬೀದಿದೀಪಕ್ಕೆ ಮುತ್ತುವ ಹುಳುಗಳನ್ನು ನಂಬಿಕೊಂಡು ಇಲ್ಲೇ ಉಳಿದುಕೊಂಡಿದೆ.

ಇನ್ನೊಂದು ಗೂಬೆ ನಮ್ಮ ಅಪಾರ್ಟ್‌ಮೆಂಟಿನದು. ದೊಡ್ಡತೋಗೂರಿನ ಕಡೆ ನಾಲ್ಕು ಮಹಡಿಯ ಕಟ್ಟಡ. ಸ್ನಾನದ ಮನೆಗಳ ಪೈಪು ಇಳಿಯುವ ಡಕ್ಟಿನಲ್ಲಿ ಮೂರನೇ ಮಹಡಿಯ ಮಟ್ಟಕ್ಕೆ ಒಂದು ಸ್ಲ್ಯಾಬು ಚಾಚಿಕೊಂಡಿದೆ. 2024ರ ಜನವರಿಯ ಒಂದು ರಾತ್ರಿ ವಾಚ್‌ಮನ್ ಬಾಗಿಲು ತಟ್ಟಿ, "ಸಾರ್, ಡಕ್ಟ್ ಒಳಗೆ ಯಾರೋ ಗೊರಕೆ ಹೊಡೀತಾವ್ರೆ, ಒಂಚೂರು ಬಂದು ಕೇಳಿ" ಅಂದ. ಹೋಗಿ ಕಿವಿಯಿಟ್ಟರೆ ನಿಜ. ದಮ್ಮು ಇರುವವರು ಎಳೆಯುವ ಉಸಿರಿನಂಥ ಗೊರಗೊರ ಸದ್ದು, ಒಂದರ ಹಿಂದೆ ಒಂದು. ಟಾರ್ಚಿನ ಬೆಳಕನ್ನು ಪಕ್ಕದ ಗೋಡೆಗೆ ಬಿಟ್ಟು ನೋಡಿದಾಗ ಸ್ಲ್ಯಾಬಿನ ಮೂಲೆಯಲ್ಲಿ ಮೂರು ಮರಿ ಕಂಡವು. ಹತ್ತಿಯಂಥ ತುಪ್ಪುಳ, ಆಗಷ್ಟೇ ಹೃದಯದ ಆಕಾರಕ್ಕೆ ಬರುತ್ತಿದ್ದ ಬಿಳಿ ಮುಖ. ಸುತ್ತ ಇಲಿಯ ಕೂದಲು, ಮೂಳೆ ಸೇರಿ ಗಟ್ಟಿಯಾದ ಕಪ್ಪು ಉಂಡೆಗಳು. ತಾಯಿ ಇಲಿ ತಂದ ಕ್ಷಣಕ್ಕೆ ಮೂರರ ಗೊರಕೆಯೂ ಒಟ್ಟಿಗೇ ಏರುತ್ತಿತ್ತು.

ಇವು ಕಣಜ ಗೂಬೆಗಳು. 1929ರಲ್ಲಿ ಅರ್ನ್ಸ್ಟ್ ಹಾರ್ಟರ್ಟ್ ಎಂಬ ಜರ್ಮನ್ ಪಕ್ಷಿತಜ್ಞ ಭಾರತದ ಕಣಜ ಗೂಬೆಗೆ ಕೊಟ್ಟ ಉಪಪ್ರಭೇದದ ಹೆಸರು 'ಸ್ಟರ್ಟೆನ್ಸ್'. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ 'ಗೊರಕೆ ಹೊಡೆಯುವ'. ವಾಚ್‌ಮನ್ ಕೇಳಿದ್ದನ್ನೇ ಆತನೂ ಹೆಸರಾಗಿ ಬರೆದಿಟ್ಟಿದ್ದ. ಆ ರಾತ್ರಿ ನಾನು ಫೋನಿನ ಇ-ಬರ್ಡ್ ಪಟ್ಟಿಯಲ್ಲಿ ಹಕ್ಕಿಯನ್ನು 'ಟೈಟೊ ಆಲ್ಬಾ' ಎಂದು ದಾಖಲಿಸಿದೆ. ಅದೇ ವರ್ಷದ ಕೊನೆಗೆ ಪಟ್ಟಿ ತೆರೆದಾಗ ನಾನು ಬರೆದ ಹೆಸರು ಇರಲಿಲ್ಲ, 'ಟೈಟೊ ಜವಾನಿಕಾ' ಎಂದಿತ್ತು. ಜಗತ್ತಿನ ಕಣಜ ಗೂಬೆಯನ್ನು ಅಮೆರಿಕದ್ದು, ಪಶ್ಚಿಮದ್ದು, ಪೂರ್ವದ್ದು ಎಂದು ಮೂರು ಪ್ರಭೇದವಾಗಿ ಪಾಲು ಮಾಡಿದ್ದರು. ನಮ್ಮ ಡಕ್ಟಿನ ಸಂಸಾರ ಪೂರ್ವದ ಪಾಲಿಗೆ ಬಂದಿತ್ತು.

ಹಕ್ಕಿ ಅದೇ, ಗೊರಕೆ ಅದೇ. ಹಾಗಾದರೆ ಬದಲಾದದ್ದು ಏನು? ಹತ್ತಿರದ ಸಂಬಂಧಿಗಳಾದ ಎರಡು ಗೂಬೆಗಳನ್ನು ಬೇರೆ ಬೇರೆ ಪ್ರಭೇದ ಎನ್ನಬೇಕೋ, ಒಂದೇ ಪ್ರಭೇದದ ಎರಡು ಉಪಪ್ರಭೇದ ಎನ್ನಬೇಕೋ ಎಂಬ ವಾದಕ್ಕೆ ಇನ್ನೂರು ವರ್ಷದ ಹತ್ತಿರ ವಯಸ್ಸಾಗಿದೆ. ಅದರ ಒಂದೊಂದು ಅಧ್ಯಾಯಕ್ಕೂ ನಮ್ಮ ನಾಡಿನ ಯಾವುದಾದರೊಂದು ಗೂಬೆ ಸಾಕ್ಷಿಯಾಗಿದೆ.

ಆನೇಕಲ್ ತಾಲ್ಲೂಕಿನವರಿಗೆ ಈ ವಾದ ಅರ್ಥವಾಗಲು ಪಹಣಿಯ ಹೋಲಿಕೆ ಸಾಕು. ಒಂದು ಸರ್ವೆ ನಂಬರಿನ ಜಮೀನನ್ನು ಮೂವರು ಅಣ್ಣತಮ್ಮಂದಿರು ಉಳುತ್ತಾರೆ. ಬದುಗಳಿವೆ, ಯಾರದು ಎಲ್ಲಿಯವರೆಗೆ ಎಂದು ಊರಿಗೆಲ್ಲ ಗೊತ್ತು, ಆದರೆ ಪಹಣಿ ಜಂಟಿ. ಸರ್ವೆಯರ್ ಬಂದು, ಅಳೆದು, ಪೋಡಿ ಮಾಡಿ, ಬೇರೆ ಬೇರೆ ಹಿಸ್ಸಾ ನಂಬರು ಬಿದ್ದ ಮೇಲೆ ಮೂರೂ ಸ್ವತಂತ್ರ. ಉಪಪ್ರಭೇದ ಎಂದರೆ ಜಂಟಿ ಪಹಣಿಯಲ್ಲಿರುವ ಹೆಸರು, ಪ್ರಭೇದ ಎಂದರೆ ಪೋಡಿಯಾದ ಹಿಡುವಳಿ. ಪೋಡಿಗೆ ಯಾವ ಅಳತೆ ಸರಿ ಎಂಬುದೇ ಇಲ್ಲಿನ ತಕರಾರು.

1831ರಲ್ಲಿ ಜೇಮ್ಸ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಗಂಗಾ ಬಯಲು ಮತ್ತು ವಿಂಧ್ಯದ ಬೆಟ್ಟಗಳಲ್ಲಿ ಸಂಗ್ರಹಿಸಿದ ಹಕ್ಕಿಗಳ ವಿವರ ಪ್ರಕಟಿಸಿದ. ಅದರಲ್ಲಿ ಎರಡು ಗೂಬೆಗಳಿಗೆ ಹೊಸ ಹೆಸರಿಟ್ಟ. ಚುಕ್ಕೆಯ ಪುಟ್ಟ ಗೂಬೆಗೆ 'ಇಂಡಿಕಾ', ಬಂಡೆಗಳ ಮೇಲಿನ ದೊಡ್ಡ ಕೊಂಬಿನ ಗೂಬೆಗೆ 'ಬೆಂಗಾಲೆನ್ಸಿಸ್'. ಎರಡೂ ಹೊಸ ಪ್ರಭೇದಗಳೆಂದೇ ಅವನ ನಂಬಿಕೆ. ಆದರೆ ಹಾಲಕ್ಕಿಗೆ ಹತ್ತು ವರ್ಷ ಮೊದಲೇ, 1821ರಲ್ಲಿ, ಡಚ್ ವಿಜ್ಞಾನಿ ಟೆಮಿಂಕ್ ದಕ್ಷಿಣದ ಮಾದರಿ ನೋಡಿ 'ಬ್ರಾಮಾ' ಎಂಬ ಹೆಸರು ಕೊಟ್ಟಾಗಿತ್ತು. ಉತ್ತರದ್ದೂ ದಕ್ಷಿಣದ್ದೂ ಒಂದೇ ಎಂದು ಗೊತ್ತಾದ ಮೇಲೆ ಫ್ರಾಂಕ್ಲಿನ್ನನ ಇಂಡಿಕಾ ಜಂಟಿ ಪಹಣಿಗೆ ಸೇರಿ ಉಪಪ್ರಭೇದವಾಯಿತು. ಇಂದಿಗೂ ಹಾಗೇ ಇದೆ. ಕೊಂಬಿನ ಗೂಬೆಯನ್ನೂ ಯೂರೋಪಿನ ದೊಡ್ಡ ಗೂಬೆ 'ಬುಬೊ ಬುಬೊ'ದ ಉಪಪ್ರಭೇದವೆಂದು ಸೇರಿಸಿದ್ದರು. ಸಲೀಂ ಅಲಿ ಮತ್ತು ಡಿಲ್ಲನ್ ರಿಪ್ಲಿ ಅವರ ಹತ್ತು ಸಂಪುಟಗಳ ಕೈಪಿಡಿಯಲ್ಲಿ, ಗೂಬೆಗಳಿರುವ ಮೂರನೇ ಸಂಪುಟದಲ್ಲಿ, ಅದು ಹಾಗೆಯೇ ದಾಖಲಾಗಿದೆ. ಈಗ ಅದಕ್ಕೆ ಪೋಡಿಯಾಗಿದೆ. 'ಬುಬೊ ಬೆಂಗಾಲೆನ್ಸಿಸ್' ಸ್ವತಂತ್ರ ಪ್ರಭೇದ. ಒಬ್ಬನೇ ಮನುಷ್ಯ ಒಂದೇ ವರ್ಷ ಕೊಟ್ಟ ಎರಡು ಹೆಸರು ಹೀಗೆ ಎರಡು ದಾರಿ ಹಿಡಿದವು. ಏಕೆಂದು ತಿಳಿದರೆ ಇಡೀ ಪ್ರಶ್ನೆಯ ಅರ್ಧ ತಿಳಿದಂತೆ.

ಮೊದಲು ಹಾಲಕ್ಕಿಯ ಕಡೆ. ದಕ್ಷಿಣದ ಬ್ರಾಮಾ ಸ್ವಲ್ಪ ಚಿಕ್ಕದು, ಬಣ್ಣ ಗಾಢ. ಉತ್ತರದ ಇಂಡಿಕಾ ಸ್ವಲ್ಪ ದೊಡ್ಡದು, ಬಣ್ಣ ತಿಳಿ. ತಮಿಳುನಾಡಿನ ಹಕ್ಕಿಯನ್ನೂ ಪಂಜಾಬಿನ ಹಕ್ಕಿಯನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ. ಆದರೆ ನಡುವಿನ ಜಿಲ್ಲೆಗಳ ಹಕ್ಕಿಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಗೆರೆ ಎಳೆಯಲು ಜಾಗವೇ ಸಿಗುವುದಿಲ್ಲ, ಬಣ್ಣ ಮೆಲ್ಲಮೆಲ್ಲಗೆ ತಿಳಿಯಾಗುತ್ತಾ ಹೋಗುತ್ತದೆ. ಕೂಗಂತೂ ಎಲ್ಲ ಕಡೆ ಅದೇ ಜಗಳ. ಇಂಥ ಕಡೆ ಪೋಡಿ ಮಾಡುವುದು ತಪ್ಪು ಎಂಬುದರಲ್ಲಿ ಈಗ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಆದರೆ ಒಂದು ಕಾಲದಲ್ಲಿ ಇಂಥ ಗೆರೆಗಳನ್ನು ಎಳೆಯುವುದೇ ಪಕ್ಷಿಶಾಸ್ತ್ರವಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಹಕ್ಕಿಗೆ ಎರಡು ಪದದ ಬದಲು ಮೂರು ಪದದ ಹೆಸರಿಡುವ ಪದ್ಧತಿ ಬಲವಾಯಿತು. ಮ್ಯೂಸಿಯಂಗಳ ಡ್ರಾಯರಿನಲ್ಲಿ ಹತ್ತಿ ತುಂಬಿದ ಹಕ್ಕಿಯ ತೊಗಲುಗಳನ್ನು ಅಂಗಾತ ಮಲಗಿಸಿ, ರೆಕ್ಕೆ ಅಳೆದು, ಬಣ್ಣ ಹೋಲಿಸಿ ಉಪಪ್ರಭೇದ ಹೆಸರಿಸುತ್ತಿದ್ದರು. ನಮ್ಮ ಚಿಕ್ಕ ಕಿವಿಗೂಬೆ 'ಓಟಸ್ ಬಕ್ಕಮೀನಾ'ಕ್ಕೆ 1922 ಒಂದೇ ವರ್ಷದಲ್ಲಿ ಟೈಸ್‌ಹರ್ಸ್ಟ್ ಎಂಬ ಇಂಗ್ಲಿಷ್ ತಜ್ಞ ಮೂರು ಉಪಪ್ರಭೇದ ಕೊಟ್ಟರು: ಡೆಸರ್ಟಿಕಲರ್, ಗ್ಯಾಂಜೆಟಿಕಸ್, ಮರಾಠೆ. ಮರುಭೂಮಿಯದು ಪೇಲವ, ಗಂಗೆಯದು ಬೂದು, ದಖ್ಖನಿನದು ಇನ್ನೊಂದು ಛಾಯೆ. ಬಯಲಿನ ಮಾವಿನ ತೋಪುಗಳಲ್ಲಿ ಎದೆ ನಡುಗಿಸುವಂತೆ ಕೂಗುವ ಚಿತ್ತಾರದ ದೊಡ್ಡ ಗೂಬೆ 'ಸ್ಟ್ರಿಕ್ಸ್ ಒಸೆಲ್ಲಾಟಾ'ಕ್ಕೆ 1950ರಲ್ಲಿ ಕೋಲ್ಜ್ ಎಂಬ ಅಮೆರಿಕದ ಸಂಗ್ರಾಹಕ ಎರಡು ಉಪಪ್ರಭೇದ ಸೇರಿಸಿದರು.

ಈ ಕೆಲಸವನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಆ ಡ್ರಾಯರುಗಳಿಲ್ಲದಿದ್ದರೆ ಇಂದಿನ ಡಿಎನ್‌ಎ ಅಧ್ಯಯನಕ್ಕೂ ಹೋಲಿಸಲು ಏನೂ ಇರುತ್ತಿರಲಿಲ್ಲ. ಆದರೆ ಬಣ್ಣದ ಅಳತೆಗೆ ಒಂದು ಮೂಲ ದೋಷವಿದೆ. 1833ರಲ್ಲೇ ಗ್ಲೋಗರ್ ಎಂಬ ಜರ್ಮನ್ ವಿಜ್ಞಾನಿ ಗಮನಿಸಿದ್ದ ಸಂಗತಿ ಅದು: ಮಳೆ, ತೇವ ಹೆಚ್ಚಿದ್ದ ಕಡೆ ಹಕ್ಕಿಯ ಬಣ್ಣ ಗಾಢ, ಒಣಪ್ರದೇಶದಲ್ಲಿ ತಿಳಿ. ಹಾಗಾಗಿ ಆಗುಂಬೆಯ ಗೂಬೆ ಚಿತ್ರದುರ್ಗದ ಗೂಬೆಗಿಂತ ಕಪ್ಪಗಿದ್ದರೆ ಅದು ರಕ್ತಸಂಬಂಧದ ಅಂತರ ಹೇಳುತ್ತಿದೆಯೋ ಬರೀ ಮಳೆಯ ಲೆಕ್ಕ ಹೇಳುತ್ತಿದೆಯೋ ತಿಳಿಯುವುದಿಲ್ಲ. ಸಾಲದ್ದಕ್ಕೆ, ಏಷ್ಯಾದ ಇನ್ನೊಂದು ಪುಟ್ಟ ಕಿವಿಗೂಬೆ 'ಓಟಸ್ ಸುನಿಯಾ'ದಲ್ಲಿ ಒಂದೇ ಪ್ರಭೇದದೊಳಗೆ ಬೂದು ಬಣ್ಣದ್ದೂ ಇಟ್ಟಿಗೆ ಕೆಂಪಿನದೂ ಎರಡೂ ಬಗೆಯ ಹಕ್ಕಿಗಳಿವೆ. ಬಣ್ಣ ನಂಬಿದವರು ಅಕ್ಕತಂಗಿಯರನ್ನು ಬೇರೆ ಕುಲ ಮಾಡಿಬಿಡಬಹುದು.

ಈ ಗೊಂದಲಕ್ಕೆ ಒಂದು ಗಟ್ಟಿ ಉತ್ತರ ಕೊಡಲು ಹೊರಟವರು ಅರ್ನ್ಸ್ಟ್ ಮಾಯರ್. 1942ರ ತಮ್ಮ ಪುಸ್ತಕದಲ್ಲಿ ಅವರು ಮಂಡಿಸಿದ ಸೂತ್ರ ಸರಳ. ಪ್ರಕೃತಿಯಲ್ಲಿ ತಮ್ಮೊಳಗೆ ಕೂಡಿ ಮರಿ ಮಾಡುವ, ಬೇರೆ ಗುಂಪಿನೊಂದಿಗೆ ಕೂಡದೆ ಉಳಿಯುವ ಗುಂಪು ಪ್ರಭೇದ. ಎರಡು ಗೂಬೆಗಳು ಒಂದೇ ಕಾಡಿನಲ್ಲಿದ್ದೂ ಬೆರೆಯದಿದ್ದರೆ ಈ ಸೂತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಬಂಡೀಪುರದಲ್ಲಿ, ಇನ್ನೊಂದು ಬೋರ್ನಿಯೋದಲ್ಲಿ ಇದ್ದರೆ? ಅವು ಭೇಟಿಯೇ ಆಗುವುದಿಲ್ಲ. ಭೇಟಿಯಾಗಿದ್ದರೆ ಕೂಡುತ್ತಿದ್ದವೇ ಎಂಬುದು ಊಹೆ. 1832ರಲ್ಲಿ ಕರ್ನಲ್ ಸೈಕ್ಸ್ ಪಶ್ಚಿಮ ಘಟ್ಟದ ಕಂದು ಕಾಡುಗೂಬೆಗೆ 'ಇಂದ್ರಾಣಿ' ಎಂಬ ಚೆಂದದ ಹೆಸರಿಟ್ಟ. ಅದೇ ವರ್ಷ ಟೆಮಿಂಕ್ ಬೋರ್ನಿಯೋದ ಹಕ್ಕಿಗೆ 'ಲೆಪ್ಟೋಗ್ರಾಮಿಕಾ' ಎಂದ. ಇಂದ್ರಾಣಿಯನ್ನು ಬಹುಕಾಲದಿಂದ ಅದರ ಉಪಪ್ರಭೇದವಾಗಿಯೇ ಇಟ್ಟಿದ್ದಾರೆ, ಬೇರೆ ಮಾಡಬೇಕೆನ್ನುವವರೂ ಇದ್ದಾರೆ.

ಇಲ್ಲಿ ದಾರಿ ತೋರಿದ್ದು ಕಿವಿ. ಗೂಬೆ ಕತ್ತಲಿನ ಹಕ್ಕಿ. ಸಂಗಾತಿಯನ್ನು ಹುಡುಕುವುದು, ಗಡಿ ಕಾಯುವುದು ಎಲ್ಲವೂ ಕೂಗಿನ ಮೇಲೆ. ಮತ್ತೊಂದು ಮುಖ್ಯ ಸಂಗತಿಯೆಂದರೆ ಗೂಬೆ ತನ್ನ ಕೂಗನ್ನು ಹಾಡುಹಕ್ಕಿಗಳಂತೆ ಅಪ್ಪನಿಂದ ಕೇಳಿ ಕಲಿಯುವುದಿಲ್ಲ, ಹುಟ್ಟಿನಿಂದಲೇ ತಂದುಕೊಂಡಿರುತ್ತದೆ. ಕಲಿತ ಹಾಡಾದರೆ ಊರಿಂದೂರಿಗೆ ಬದಲಾಗಬಹುದು. ಹುಟ್ಟುಗುಣದ ಕೂಗು ಬದಲಾಗಿದ್ದರೆ ರಕ್ತವೇ ಬೇರೆ ದಾರಿ ಹಿಡಿದಿದೆ ಎಂದರ್ಥ. ಜೊತೆಗೆ, ಬೇರೆ ಕೂಗಿನ ಗಂಡಿಗೆ ಹೆಣ್ಣು ಓಗೊಡುವುದೂ ಅನುಮಾನ. ಹಾಗಾಗಿ ಮಾಯರ್ ಸೂತ್ರದ ಊಹೆಯ ಭಾಗವನ್ನು ಕೂಗಿನ ಮಟ್ಟಿಗೆ ಪರೀಕ್ಷಿಸಬಹುದು. ಕನ್ನಡದವರು ಇದನ್ನು ಮೊದಲೇ ಅರಿತಿದ್ದರೇನೋ ಎಂದು ನನಗನಿಸುತ್ತದೆ. ಗೂಗೆ, ಗೂಬೆ, ಗುಮ್ಮ ಎಂಬ ನಮ್ಮ ಹೆಸರುಗಳಲ್ಲಿ ಬಣ್ಣವೂ ಇಲ್ಲ, ಗಾತ್ರವೂ ಇಲ್ಲ. ಇರುವುದು ಬರೀ ಸದ್ದು.

ಶ್ರೀಲಂಕಾದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ದೀಪಾಲ್ ವಾರಕಗೋಡ 1995ರಲ್ಲಿ ಅಲ್ಲಿನ ಮಳೆಕಾಡಿನಲ್ಲಿ ಗುರುತು ಹತ್ತದ ಕೂಗೊಂದನ್ನು ಕೇಳಿದರು. ಕೂಗಿದವರು ಕಂಡದ್ದು 2001ರಲ್ಲಿ. ಆರು ವರ್ಷ ಆ ಗೂಬೆ ಬರೀ ಸದ್ದಾಗಿ ಇತ್ತು. 2004ರಲ್ಲಿ ಅದು 'ಓಟಸ್ ಥಿಲೋಹಾಫ್‌ಮನಿ' ಎಂಬ ಹೊಸ ಪ್ರಭೇದವಾಗಿ ಪ್ರಕಟವಾಯಿತು. ಆ ದ್ವೀಪದಲ್ಲಿ 1868ರ ನಂತರ ಸಿಕ್ಕ ಮೊದಲ ಹೊಸ ಹಕ್ಕಿ.

ಕೂಗಿನ ಪುರಾವೆ ದೊಡ್ಡ ಪ್ರಮಾಣದಲ್ಲಿ ಪುಸ್ತಕಕ್ಕೆ ಬಂದದ್ದು 1999ರಲ್ಲಿ, ಕೋನಿಗ್, ವೈಕ್ ಮತ್ತು ಬೆಕಿಂಗ್ ಅವರ ಜಗತ್ತಿನ ಗೂಬೆಗಳ ಗ್ರಂಥದೊಂದಿಗೆ. ನಂತರ 2005ರಲ್ಲಿ ಪಮೆಲಾ ರಾಸ್ಮುಸ್ಸೆನ್ ಮತ್ತು ಜಾನ್ ಆಂಡರ್ಟನ್ ದಕ್ಷಿಣ ಏಷ್ಯಾದ ಹಕ್ಕಿಗಳ ಪುಸ್ತಕದಲ್ಲಿ ಕೂಗಿನ ಧ್ವನಿಚಿತ್ರಗಳನ್ನೇ ಅಚ್ಚು ಮಾಡಿದರು. ಹಳೆಯ ಪುಸ್ತಕದ ಒಂದು ಹೆಸರು ಹೊಸದರಲ್ಲಿ ಎರಡಾದದ್ದನ್ನು ನಮ್ಮಲ್ಲಿ ಹಲವರು ಮೊದಲು ಕಂಡದ್ದು ಅಲ್ಲೇ. ನಮ್ಮ ಬಕ್ಕಮೀನಾ ಗೂಬೆ ಪ್ರಶ್ನೆ ಕೇಳಿದಂತೆ 'ವಟ್?' ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ 'ವಟ್?'. ವೀರಸಂದ್ರ ಕೆರೆಯ ಕಡೆ ಮಳೆಗಾಲದಲ್ಲಿ ಎಷ್ಟೋ ಜನ ಅದನ್ನು ಕಪ್ಪೆಯೆಂದೇ ತಿಳಿದಿರುತ್ತಾರೆ. ಹಿಮಾಲಯದ ತಪ್ಪಲಿನ 'ಲೆಟ್ಟಿಯಾ' ಗೂಬೆಯದು ಮೃದುವಾಗಿ ಕೆಳಗಿಳಿಯುವ ದನಿ. ಕಣ್ಣಿಗೆ ಎರಡೂ ಒಂದೇ ತರಹ, ಅದಕ್ಕೇ ಸಲೀಂ ಅಲಿ ಕಾಲಕ್ಕೆ ಒಂದೇ ಪ್ರಭೇದ. ಈಗ ಎರಡು. ಸುನಿಯಾ ಕೂಡ ಹಾಗೆ ಯೂರೋಪಿನ 'ಓಟಸ್ ಸ್ಕಾಪ್ಸ್'ನಿಂದ ಬಿಡಿಸಿಕೊಂಡಿತು. ಯೂರೋಪಿನದು ಎರಡು ಮೂರು ಸೆಕೆಂಡಿಗೊಮ್ಮೆ ಒಂಟಿ ಶಿಳ್ಳೆ, ನಮ್ಮದು ಮೂರು ಮೆಟ್ಟಿಲ ಕುಕ್-ಕುಕ್-ಕ್ರೂ. ಬನ್ನೇರುಘಟ್ಟದ ಕಡೆ 'ಊ-ವಕ್, ಊ-ವಕ್' ಎನ್ನುವ ಕಂದು ಡೇಗೆಗೂಬೆಯ ಗುಂಪನ್ನು 2002ರಲ್ಲಿ ಬೆನ್ ಕಿಂಗ್ ಕೂಗನ್ನು ಮುಂದಿಟ್ಟೇ ಒಡೆದರು. ಜಪಾನಿನ ಕಡೆಯದು ಬೇರೆಯಾಯಿತು.

ಫ್ರಾಂಕ್ಲಿನ್ನನ ಕೊಂಬಿನ ಗೂಬೆಗೂ ಇದೇ ಅಳತೆ ನೆರವಾಯಿತು. ರಾಮನಗರದ ಬಂಡೆಗಳಲ್ಲಿ ಮುಸ್ಸಂಜೆ ಕೂತು ಕೇಳಿ. ಅದರ 'ಬು-ಬೂ'ದಲ್ಲಿ ಎರಡನೇ ಅಕ್ಷರ ದೀರ್ಘ, ಒತ್ತು ಅಲ್ಲೇ. ಯೂರೋಪಿನ ಸೋದರನಲ್ಲಿ ಒತ್ತು ಮೊದಲಕ್ಷರಕ್ಕೆ. ಗಾತ್ರದಲ್ಲಿ ನಮ್ಮದು ಚಿಕ್ಕದು. ಮೈಖೇಲ್ ವಿಂಕ್ ಅವರ ಡಿಎನ್‌ಎ ಕೆಲಸವೂ ಅದನ್ನು ಬೇರೆಯಾಗಿಯೇ ತೋರಿಸಿತು. ಕೂಗು, ಗಾತ್ರ, ವಂಶವಾಹಿ ಮೂರೂ ಒಂದೇ ಮಾತು ಹೇಳಿದ ಮೇಲೆ ಪೋಡಿಗೆ ತಕರಾರಿಲ್ಲ. ಹಾಲಕ್ಕಿಯ ವಿಷಯದಲ್ಲಿ ಇಂಥ ಒಮ್ಮತ ಸಿಗಲಿಲ್ಲ. ಫ್ರಾಂಕ್ಲಿನ್ನನ ಎರಡು ಹೆಸರುಗಳ ದಾರಿ ಬೇರೆಯಾದದ್ದು ಇಲ್ಲಿ.

ಕಣಜ ಗೂಬೆಯದು ಇಷ್ಟು ಸುಲಭವಲ್ಲ. ಅದರ ಬೆಚ್ಚಿಬೀಳಿಸುವ ಚೀತ್ಕಾರ ಲಂಡನ್ನಿನಿಂದ ದೊಡ್ಡತೋಗೂರಿನವರೆಗೆ ಹೆಚ್ಚುಕಡಿಮೆ ಒಂದೇ ತರಹ. ಕಿವಿ ಇಲ್ಲಿ ಸೋಲುತ್ತದೆ. ಮೂರು ಪಾಲಾದದ್ದು ಮುಖ್ಯವಾಗಿ ಡಿಎನ್‌ಎ ಬಲದಿಂದ. 2016 ಮತ್ತು 2018ರಲ್ಲಿ ಪ್ರಕಟವಾದ ಎರಡು ವಿಸ್ತಾರವಾದ ಅಧ್ಯಯನಗಳು ಜಗತ್ತಿನ ಕಣಜ ಗೂಬೆಗಳ ವಂಶವೃಕ್ಷ ಬರೆದು, ಅಮೆರಿಕದವು ಒಂದು ಕೊಂಬೆ, ಯೂರೋಪ್-ಆಫ್ರಿಕಾದವು ಒಂದು, ದಕ್ಷಿಣ ಏಷ್ಯಾದಿಂದ ಆಸ್ಟ್ರೇಲಿಯಾವರೆಗಿನವು ಇನ್ನೊಂದು ಎಂದು ತೋರಿಸಿದವು. ಹಾರ್ಟರ್ಟನ ಗೊರಕೆಗೂಬೆ, ಅಂದರೆ ಸ್ಟರ್ಟೆನ್ಸ್, ಮೂರನೆಯ ಕೊಂಬೆಯಲ್ಲಿ ಕೂತಿತು. ಆ ಕೊಂಬೆಗೆ 1788ರಲ್ಲಿ ಗ್ಮೆಲಿನ್ ಜಾವಾದ ಹಕ್ಕಿಗೆ ಕೊಟ್ಟ ಹೆಸರೇ ಹಳೆಯದಾದ್ದರಿಂದ ನಮ್ಮ ಡಕ್ಟಿನ ಗೂಬೆ 'ಜವಾನಿಕಾ' ಆಯಿತು. ಅಂಡಮಾನಿನ ಕಣಜ ಗೂಬೆಗೆ 1875ರಲ್ಲಿ ಹ್ಯೂಮ್ ಇಟ್ಟಿದ್ದ 'ಡಿರೋಪ್‌ಸ್ಟಾರ್ಫಿ' ಎಂಬ ಹೆಸರಿನಲ್ಲಿ ಅದಕ್ಕೂ ಮೊದಲೇ ಪೋಡಿಯಾಗಿತ್ತು.

ಡಿಎನ್‌ಎ ಒಂದನ್ನೇ ನಂಬುವುದರಲ್ಲಿ ಅಪಾಯವೂ ಇದೆ. ಸಾಕಷ್ಟು ಸೂಕ್ಷ್ಮವಾಗಿ ಓದಿದರೆ ಬಿಳಿಗಿರಿರಂಗನ ಬೆಟ್ಟದ ಗೂಬೆಗೂ ಮಹದೇಶ್ವರ ಬೆಟ್ಟದ ಗೂಬೆಗೂ ಏನಾದರೊಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲೂ ಸಿಗುತ್ತದಲ್ಲ. ಎಷ್ಟು ಅಂತರಕ್ಕೆ ಪ್ರಭೇದ ಎಂಬ ಗೆರೆಯನ್ನು ಪ್ರಕೃತಿ ಬರೆದುಕೊಟ್ಟಿಲ್ಲ. ಈ ತೊಡಕು ಬಿಡಿಸಲು 2010ರಲ್ಲಿ ಟೋಬಿಯಾಸ್ ಮತ್ತು ಸಂಗಡಿಗರು ಅಂಕದ ಪದ್ಧತಿಯೊಂದನ್ನು ಮುಂದಿಟ್ಟರು. ಬಣ್ಣ, ಅಳತೆ, ಕೂಗು, ಬದುಕುವ ರೀತಿ, ಇವುಗಳ ವ್ಯತ್ಯಾಸಕ್ಕೆ 1ರಿಂದ 4ರವರೆಗೆ ಅಂಕ, ಒಟ್ಟು 7 ಬಂದರೆ ಪ್ರಭೇದ. ಬರ್ಡ್‌ಲೈಫ್ ಸಂಸ್ಥೆ ಇದನ್ನು ಬಳಸಿತು, ಬೇರೆ ಪಟ್ಟಿಗಳು ಬಳಸಲಿಲ್ಲ. ಹೀಗಾಗಿ ಬಹುಕಾಲ ಒಂದೇ ಗೂಬೆ ಒಂದು ಪಟ್ಟಿಯಲ್ಲಿ ಪ್ರಭೇದ, ಇನ್ನೊಂದರಲ್ಲಿ ಉಪಪ್ರಭೇದ. 2025ರ ಜೂನ್‌ನಲ್ಲಿ ಪ್ರಮುಖ ಪಟ್ಟಿಗಳ ಸಂಪಾದಕರು ಒಟ್ಟು ಕೂತು 11,131 ಪ್ರಭೇದಗಳ 'ಏವಿಲಿಸ್ಟ್' ಹೊರತಂದಿದ್ದು ಆ ಅಸ್ತವ್ಯಸ್ತಕ್ಕೆ ಪರಿಹಾರವಾಗಿ. ಇಂಥ ಒಪ್ಪಂದ ಬಹಳ ಮೊದಲೇ ಆಗಬೇಕಿತ್ತು.

ಬೆಂಗಳೂರಿಗೆ ಈ ವಾದದಲ್ಲಿ ತನ್ನದೇ ಪಾತ್ರವಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಅಂದರೆ ಎನ್‌ಸಿಬಿಎಸ್‌ನ, ಉಮಾ ರಾಮಕೃಷ್ಣನ್, ವಿ.ವಿ. ರಾಬಿನ್ ಮತ್ತು ಜೊತೆಗಾರರು 2018ರಲ್ಲಿ ಮಧ್ಯಭಾರತದ ಅಪರೂಪದ ಪುಟ್ಟ ಕಾಡುಗೂಬೆಯ ವಂಶ ಬಿಡಿಸಿದರು. 1873ರಲ್ಲಿ ಹ್ಯೂಮ್ ಆ ಹಕ್ಕಿಗೆ 'ಹೆಟೆರೊಗ್ಲಾಕ್ಸ್ ಬ್ಲೆವಿಟಿ' ಎಂದು ಹೆಸರಿಟ್ಟು ಅದಕ್ಕೆಂದೇ ಒಂದು ಪ್ರತ್ಯೇಕ ಕುಲ ಕಟ್ಟಿದ್ದ. 1884ರ ನಂತರ ಅದು ಕಣ್ಮರೆ. ನಡುವೆ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಅಧಿಕಾರಿ 1914ರಲ್ಲಿ ತಾನು ಹಿಡಿದದ್ದೆಂದು ಮಾದರಿಯೊಂದನ್ನು ಕೊಟ್ಟಿದ್ದ. ಅದು ಹಳೆಯ ಮಾದರಿಯನ್ನೇ ಕದ್ದು ಮತ್ತೆ ಹೊಲಿದದ್ದೆಂದು ಬಯಲಾಯಿತು. ಆ ಸುಳ್ಳನ್ನು ಬದಿಗಿಟ್ಟು ನಿಜವಾದ ಊರುಗಳಲ್ಲಿ ಹುಡುಕಿದ ರಾಸ್ಮುಸ್ಸೆನ್, ಬೆನ್ ಕಿಂಗ್, ಡೇವಿಡ್ ಅಬಾಟ್ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಜೀವಂತ ಹಕ್ಕಿಯನ್ನೇ ಕಂಡರು. 113 ವರ್ಷದ ಮೇಲೆ. ಮುಂದೆ ಡಿಎನ್‌ಎ ಓದಿದಾಗ ತಿಳಿದದ್ದು, ಹ್ಯೂಮ್ ಕಟ್ಟಿದ ಒಂಟಿಮನೆ ಬೇಕಿಲ್ಲ, ಅದು ನಮ್ಮ ಹಾಲಕ್ಕಿಯ 'ಅಥೀನ್' ಕುಲದೊಳಗೇ ಇರುವ ಹಕ್ಕಿ ಎಂದು. ಪ್ರಭೇದವಾಗಿ ಅದು ಸ್ವತಂತ್ರವೇ. ಇಲ್ಲಿ ಪಾಲು ಮಾಡುವ ಬದಲು ಕೂಡಿಸಿದ್ದಾರೆ. ಡಿಎನ್‌ಎ ಯಾವಾಗಲೂ ಒಡೆಯುತ್ತದೆ ಎಂದು ದೂರುವವರು ಈ ಉದಾಹರಣೆ ನೆನಪಿಡಬೇಕು.

ಇನ್ನು ಇತ್ಯರ್ಥವಾಗದ ಒಂದು ಪ್ರಕರಣ. ಅದು ಕರ್ನಾಟಕಕ್ಕೂ ಸೇರಿದ್ದು ಎಂಬ ಕಾರಣಕ್ಕೆ ನನಗೆ ಉಳಿದೆಲ್ಲಕ್ಕಿಂತ ಹತ್ತಿರ. ಹಾಲಕ್ಕಿಯಷ್ಟೇ ಗಾತ್ರದ, ಚುಕ್ಕೆಯ ಬದಲು ಮೈತುಂಬ ಸಣ್ಣ ಅಡ್ಡಪಟ್ಟೆಗಳಿರುವ ಇನ್ನೊಂದು ಗೂಬೆ ನಮ್ಮ ಕಾಡುಗಳಲ್ಲಿದೆ. ವಿಜ್ಞಾನದಲ್ಲಿ 'ಗ್ಲಾಸಿಡಿಯಂ ರೇಡಿಯಾಟಂ'. ಬನ್ನೇರುಘಟ್ಟದ ಅಂಚಿನಲ್ಲೂ ಸಿಗುತ್ತದೆ. ಹಳೇ ಮೋಟಾರ್ ಸೈಕಲ್ ಸ್ಟಾರ್ಟ್ ಆದಂತೆ ಪ್ರೌ... ಪ್ರೌ... ಪ್ರೌಪ್ರೌ ಎಂದು ವೇಗ ಹೆಚ್ಚಿಸುತ್ತಾ ಹೋಗಿ ನಿಲ್ಲುತ್ತದೆ. 1833ರಲ್ಲಿ ಟಿಕೆಲ್ ಇದನ್ನು ಹೆಸರಿಸಿದ. 1846ರಲ್ಲಿ ಎಡ್ವರ್ಡ್ ಬ್ಲೈತ್ ಮಲಬಾರ್ ಕಡೆಯ ಹಕ್ಕಿಗೆ 'ಮಲಬಾರಿಕಂ' ಎಂಬ ಬೇರೆ ಹೆಸರು ಕೊಟ್ಟ. ಪಶ್ಚಿಮ ಘಟ್ಟದ ಈ ರೂಪದ ತಲೆ ಹೆಚ್ಚು ಕೆಂಗಂದು, ಬಾಲ ಚಿಕ್ಕದು. ಬಹುತೇಕ ಪಟ್ಟಿಗಳಲ್ಲಿ ಇದು ಉಪಪ್ರಭೇದ, ಆದರೆ ರಾಸ್ಮುಸ್ಸೆನ್-ಆಂಡರ್ಟನ್ ಅವರ ಪುಸ್ತಕ ಬಂದಂದಿನಿಂದ ಪೂರ್ಣ ಪ್ರಭೇದವಾಗಲು ಯೋಗ್ಯವಿರಬಹುದೆಂಬ ಮಾತು ನಡೆದೇ ಇದೆ.

ಕರ್ನಾಟಕದಲ್ಲಿ ಎರಡೂ ಇವೆ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ರೇಡಿಯಾಟಂ, ಮಲೆನಾಡು ಮತ್ತು ಕರಾವಳಿಯ ಕಡೆ ಮಲಬಾರಿಕಂ. ಅಂದರೆ ಈ ಜಂಟಿ ಪಹಣಿಯ ಬದು ನಮ್ಮ ಶಿವಮೊಗ್ಗ, ಚಿಕ್ಕಮಗಳೂರು, ಹಾಸನದ ಸೀಮೆಯಲ್ಲೇ ಹಾದುಹೋಗುತ್ತದೆ. ಕೆಂಗಂದು ತಲೆಯೊಂದನ್ನೇ ನೋಡಿ ಪೋಡಿ ಮಾಡಿ ಎನ್ನುವವರ ಜೊತೆ ನಾನಿಲ್ಲ. ಆಗುಂಬೆಯ ಮಳೆ ಯಾವ ಹಕ್ಕಿಯ ಬಣ್ಣವನ್ನಾದರೂ ಗಾಢಗೊಳಿಸುತ್ತದೆ, ಗ್ಲೋಗರ್ ಹೇಳಿದ್ದು ಅದನ್ನೇ. ಪ್ರಶ್ನೆ ಇರುವುದು ಕೂಗಿನಲ್ಲಿ. ತೀರ್ಥಹಳ್ಳಿಯ ಗೂಬೆಯ ಪ್ರೌಪ್ರೌ ತುಮಕೂರಿನದಕ್ಕಿಂತ ನಿಜವಾಗಿ ಬೇರೆಯೇ? ವೇಗ, ಎತ್ತರ, ಬಡಿತಗಳ ಎಣಿಕೆ ಎಲ್ಲಿ ಬದಲಾಗುತ್ತದೆ? ಮೆಲ್ಲಗೆ ಬದಲಾಗುತ್ತದೆಯೋ, ಒಂದು ಕಣಿವೆ ದಾಟಿದ ಕೂಡಲೇ ಥಟ್ಟನೆಯೋ? ಹಾಲಕ್ಕಿಯಂತೆ ಮೆಲ್ಲಗಾದರೆ ಉಪಪ್ರಭೇದವೇ ಸರಿ. ಕೊಂಬಿನ ಗೂಬೆಯಂತೆ ಕೂಗೂ ವಂಶವಾಹಿಯೂ ಒಟ್ಟಿಗೆ ಹಾರಿದ್ದರೆ ಮಲೆನಾಡಿಗೆ ತನ್ನದೇ ಒಂದು ಗೂಬೆ ಸಿಗುತ್ತದೆ.

ಹೆಸರು ಯಾವುದಾದರೇನು, ಹಕ್ಕಿ ಉಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಕಾನೂನು, ಹಣ, ಗಮನ ಎಲ್ಲವೂ ಹರಿಯುವುದು ಪ್ರಭೇದದ ಹೆಸರಿನ ಕಡೆ. ಅಳಿವಿನಂಚಿನ ಪಟ್ಟಿಗಳು ಪ್ರಭೇದಗಳನ್ನೇ ಎಣಿಸುತ್ತವೆ. ಕೋಟಿಗಟ್ಟಲೆ ಚದರ ಕಿಲೋಮೀಟರಿನಲ್ಲಿ ಹರಡಿದ ಪ್ರಭೇದದ ಒಂದು ಮೂಲೆಯ ಉಪಪ್ರಭೇದ ಸದ್ದಿಲ್ಲದೆ ಮಾಯವಾಗಬಹುದು, ಲೆಕ್ಕಕ್ಕೆ ಬರುವುದೂ ಇಲ್ಲ. ಇನ್ನೊಂದು ಕಡೆ, ದೀಪಾವಳಿ ಅಮಾವಾಸ್ಯೆ ಹತ್ತಿರವಾದಂತೆ ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿದು ಮಾರುವ ದಂಧೆ ಜೋರಾಗುತ್ತದೆ. ವನ್ಯಜೀವಿ ಮಾರಾಟದ ಮೇಲೆ ಕಣ್ಣಿಟ್ಟಿರುವ ಟ್ರಾಫಿಕ್ ಸಂಸ್ಥೆಗಾಗಿ ಅಬ್ರಾರ್ ಅಹ್ಮದ್ 2010ರಲ್ಲಿ ಕೊಟ್ಟ ವರದಿಯ ಪ್ರಕಾರ ಭಾರತದ 30 ಬಗೆಯ ಗೂಬೆಗಳಲ್ಲಿ 15 ಮಾರಾಟದಲ್ಲಿ ಕಂಡಿದ್ದವು. 2021ಕ್ಕೆ ಅದೇ ಸಂಸ್ಥೆ ಭಾರತದ ಗೂಬೆಗಳು ಸುಮಾರು 36 ಬಗೆ ಎಂದಿತು. ನಡುವಿನ ಹನ್ನೊಂದು ವರ್ಷದಲ್ಲಿ ಆರು ಹೊಸ ಗೂಬೆ ಹುಟ್ಟಿರಲಿಲ್ಲ, ಎಣಿಕೆ ಬದಲಾಗಿತ್ತು. ಹಿಡಿದ ಹಕ್ಕಿ ಯಾವುದೆಂದು ಅರಣ್ಯ ಸಿಬ್ಬಂದಿ ಪಂಚನಾಮೆಯಲ್ಲಿ ಬರೆಯುವ ಹೆಸರು ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಪುಸ್ತಕದ ಹೆಸರೂ ಕಾನೂನಿನ ಪಟ್ಟಿಯ ಹೆಸರೂ ತಾಳೆಯಾಗಬೇಕು. ಪಕ್ಷಿತಜ್ಞರು ಹೆಸರು ಬದಲಿಸಿದಾಗಲೆಲ್ಲ ಸರ್ಕಾರದ ಪಟ್ಟಿಯೂ ಜೊತೆಗೇ ಬದಲಾಗುವ ವ್ಯವಸ್ಥೆ ಬೇಕೇ ಬೇಕು.

ನಮ್ಮ ಡಕ್ಟಿನ ವಿಷಯ ಹೇಳಿ ಮುಗಿಸುತ್ತೇನೆ. ನಿವಾಸಿಗಳ ಸಭೆಯಲ್ಲಿ ಗೂಬೆ ಅಪಶಕುನ, ನಾಳೆಯೇ ಜಾಲರಿ ಹೊಡೆಸಿ ಎಂದು ಕೆಲವರು ಪಟ್ಟುಹಿಡಿದರು. ಯಾರದೋ ಮನೆಯ ಕಷ್ಟವನ್ನು ಹಕ್ಕಿಯ ತಲೆಗೆ ಕಟ್ಟುವ ಮಾತು ಕೇಳಿ ನನಗೆ ತುಂಬ ನೋವಾಯಿತು. ಬೇಸ್‌ಮೆಂಟಿನಲ್ಲಿ ಇಲಿ ಕಡಿಮೆಯಾಗಿರುವುದನ್ನು ವಾಚ್‌ಮನ್ನೇ ಎದ್ದು ಹೇಳಿದ. ಮರಿ ಹಾರುವವರೆಗೆ ಮುಟ್ಟುವುದು ಬೇಡ ಎಂದು ತೀರ್ಮಾನವಾಯಿತು. ಫೆಬ್ರುವರಿ ಕೊನೆಗೆ ಮೂರೂ ಹಾರಿದವು. ಜಾಲರಿ ಇನ್ನೂ ಬಂದಿಲ್ಲ.

ಮಲಬಾರಿಕಂ ಪ್ರಶ್ನೆಗೆ ಉತ್ತರ ಹುಡುಕಲು ಮಲೆನಾಡಿನಲ್ಲೂ ಅದರ ಪೂರ್ವದ ಸೆರಗಿನಲ್ಲೂ ಇರುವ ಓದುಗರು ನೆರವಾಗಬಹುದು. ತೋಟದ ಅಂಚಿನಲ್ಲಿ ಬೆಳಗಿನ ಜಾವವೋ ಮುಸ್ಸಂಜೆಯೋ ಆ ಮೋಟಾರ್ ಸೈಕಲ್ ಕೂಗು ಕೇಳಿಸಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಇ-ಬರ್ಡ್‌ಗೆ ಸೇರಿಸಿ. ಬೇರೆ ಗೂಬೆಯ ಧ್ವನಿ ಹಾಕಿ ಅದನ್ನು ಕೆಣಕಬೇಡಿ, ಗೂಡಿನ ಕಾಲದಲ್ಲಂತೂ ಖಂಡಿತ ಬೇಡ. ರೆಕಾರ್ಡಿಂಗ್ ಶುರುವಾದ ಕೂಡಲೇ ಊರು, ತಾರೀಖು, ಗಂಟೆ ನಿಮ್ಮ ಬಾಯಲ್ಲೇ ಹೇಳಿ. ಆಮೇಲೆ ಎರಡು ನಿಮಿಷ ಮಾತಾಡಬೇಡಿ.